ಕುರಡಗಿ ಮತ್ತು ಹವಾಮಾನ ಇಲಾಖೆ

ಕರಜಗಿಯಲ್ಲಿ ಮಳೆಗೆ ಬರ ಬೀಳಬಹುದು, ಮಳೆಯ ಮುನ್ಸೂಚನೆಗೆ ಎಂದೂ ಬರ ಬಿದ್ದಿಲ್ಲ. ಹೋಳಿಹುಣ್ಣಿಮೆ ಮುಗಿದು ಬಿಸಿಲು ಏರತೊಡಗಿತೆಂದರೆ ಊರಿನ ಯಾವ ಕಟ್ಟೆಗೆ ಹೋಗಿ ಕೂತರೂ ನಾಲ್ಕು ಬಗೆಯ ಭವಿಷ್ಯ ಪುಕ್ಕಟೆ ಸಿಗುತ್ತದೆ. ಒಬ್ಬರದು ಮುಂಬೈಯಿಂದ ಮರಾಠಿಯಲ್ಲಿ ಬಂದದ್ದು, ಇನ್ನೊಬ್ಬರದು ಬೆಂಗಳೂರಿನಿಂದ ಕನ್ನಡದಲ್ಲಿ ಬಂದದ್ದು, ಮೂರನೆಯವರದು ಪಂಚಾಂಗದ್ದು, ನಾಲ್ಕನೆಯವರದು ಪಡುವಣ ಮುಗಿಲಿನ ಬಣ್ಣ ನೋಡಿ ಹೇಳಿದ್ದು. ನಾಲ್ಕೂ ಒಂದಕ್ಕೊಂದು ತಾಳೆಯಾಗುವುದಿಲ್ಲ. ತಾಳೆಯಾಗಲಿ ಎಂಬ ಹಟವೂ ಯಾರಿಗಿಲ್ಲ. ತಾಳೆಯಾಗಿಬಿಟ್ಟರೆ ಕಟ್ಟೆಯ ಮೇಲೆ ಕೂತು ಮಾತಾಡಲಿಕ್ಕೆ ಏನು ಉಳಿಯುತ್ತದೆ?

ಊರು ಇರುವ ಜಾಗವೇ ಅಂಥದು. ಜಿಲ್ಲೆ ಸೊಲ್ಲಾಪುರ, ತಾಲೂಕು ಅಕ್ಕಲಕೋಟ, ರಾಜ್ಯ ಮಹಾರಾಷ್ಟ್ರ, ಮನೆಯ ಮಾತು ಕನ್ನಡ. ತಾಲೂಕಿನ ತೆಂಕಣ ಅಂಚಿಗೆ ಭೀಮಾ ಹೊಳೆ. ದಾಟಿದರೆ ಆಚೆ ಇಂಡಿ, ಅಫಜಲಪುರ. 1967ರಲ್ಲಿ ಮಹಾಜನ ಆಯೋಗ ಅಕ್ಕಲಕೋಟ ತಾಲೂಕನ್ನು ಕರ್ನಾಟಕಕ್ಕೆ ಸೇರಿಸಿ ಎಂದಿತು. ಸೇರಲಿಲ್ಲ. ಹೀಗಾಗಿ ಹವಾಮಾನ ಇಲಾಖೆಯ ಲೆಕ್ಕದಲ್ಲಿ ನಾವು ‘ಮಧ್ಯ ಮಹಾರಾಷ್ಟ್ರ’, ನಮ್ಮ ಬೀಗರೆಲ್ಲ ‘ಉತ್ತರ ಒಳನಾಡು ಕರ್ನಾಟಕ’. ಒಂದೇ ಮನೆತನದ ಅಕ್ಕ ಒಂದು ಹವಾಮಾನ ವಿಭಾಗದಲ್ಲಿ, ತಂಗಿ ಇನ್ನೊಂದರಲ್ಲಿ.

ಎಚ್ಚರಿಕೆಯ ಬಣ್ಣಗಳು ಬಂದ ಮೇಲೆ ಇದು ಇನ್ನಷ್ಟು ಗಮ್ಮತ್ತಾಗಿದೆ. ಇಲಾಖೆ ಬಣ್ಣ ಬಳಿಯುವುದು ಜಿಲ್ಲೆಗೆ. ಹಸಿರೆಂದರೆ ಚಿಂತೆಯಿಲ್ಲ, ಹಳದಿಯೆಂದರೆ ಕಣ್ಣಿಟ್ಟಿರಿ, ಕಿತ್ತಳೆಯೆಂದರೆ ತಯಾರಾಗಿ, ಕೆಂಪೆಂದರೆ ಕೆಲಸಕ್ಕೆ ಇಳಿಯಿರಿ. ಸೊಲ್ಲಾಪುರಕ್ಕೆ ಹಳದಿ ಬಿದ್ದು ವಿಜಯಪುರಕ್ಕೆ ಹಸಿರು ಬಿದ್ದ ದಿನ ನಕ್ಷೆಯಲ್ಲಿ ಭೀಮಾ ಹೊಳೆಯ ನಡುನೀರಿನ ತನಕ ಗುಡುಗು, ಅಲ್ಲಿಂದಾಚೆ ಶಾಂತ. ಹೊಳೆಯಲ್ಲಿ ಮೀನು ಹಿಡಿಯುವವನು ತೆಪ್ಪದ ಯಾವ ಬದಿಗೆ ಕೂತಿದ್ದಾನೆ ಎನ್ನುವುದರ ಮೇಲೆ ಅವನ ಹಣೆಬರಹ. ಇನ್ನು ಹಳದಿ ಎಂದರೆ ನಮ್ಮ ಕಡೆ ಯಾರೂ ಹೆದರುವವರಲ್ಲ. ಚೈತ್ರ ವೈಶಾಖದಲ್ಲಿ ಹಳದಿ ಎಂದರೆ ಮದುವೆ. “ಸೊಲ್ಲಾಪುರಕ್ಕ ಹಳದಿ ಹಚ್ಯಾರಂತ” ಎಂದರೆ “ವರ ಯಾರ್ರೀ?” ಎಂದು ಕೇಳುವ ಊರಿದು.

ನಮ್ಮ ಓಣಿಯ ಕಾಕಾ ಒಬ್ಬರಿಗೆ ಈ ಬಣ್ಣಗಳ ಮೇಲೆ ವಿಶ್ವಾಸವಿಲ್ಲ. ಅವರಿಗೆ ಮಾತಾಡುವ ಹವಾಮಾನ ಬೇಕು. ಕರ್ನಾಟಕದಲ್ಲಿ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಎಂದೊಂದಿದೆ. 1988ರಲ್ಲಿ ಬರಗಾಲದ ಮೇಲೆ ಕಣ್ಣಿಡಲು ಒಂದು ಕೋಶವಾಗಿ ಹುಟ್ಟಿದ್ದು, ಈಗ ಗ್ರಾಮ ಪಂಚಾಯಿತಿಗೊಂದು ಮಳೆಮಾಪಕ ನೆಟ್ಟು ಕೂತಿದೆ. ಅದರ ‘ವರುಣಮಿತ್ರ’ ಸಹಾಯವಾಣಿಗೆ ಹಗಲು ರಾತ್ರಿ ಯಾವಾಗ ಫೋನು ಮಾಡಿದರೂ ನಿಮ್ಮ ಊರಿನ ಮಳೆಯ ಸಮಾಚಾರ ಕನ್ನಡದಲ್ಲಿ ಹೇಳುತ್ತಾರೆ. ಕಾಕಾ ಫೋನು ಹಚ್ಚುತ್ತಾರೆ. ಆ ಕಡೆಯವರು ಜಿಲ್ಲೆ ಯಾವುದು, ತಾಲೂಕು ಯಾವುದು ಎಂದು ಕೇಳುತ್ತಾರೆ. ಸೊಲ್ಲಾಪುರ ಎಂದರೆ ಕೆಲಸ ಕೆಡುತ್ತದೆಂದು ಕಾಕಾಗೆ ಗೊತ್ತು. ಗಂಟಲು ಸರಿಮಾಡಿಕೊಂಡು ಇಂಡಿ ತಾಲೂಕಿನಲ್ಲಿರುವ ಮಗಳ ಊರಿನ ಹೆಸರು ಹೇಳುತ್ತಾರೆ.

“ಕಾಕಾ, ಮಗಳ ಊರಿನ ಮಳಿ ತಗೊಂಡು ನೀವೇನ್ ಮಾಡ್ತೀರಿ?”

“ಏ ತಮ್ಮಾ, ಅಳಿಯಾನ ಊರಾಗ ಮಧ್ಯಾಹ್ನಕ ಗುಡುಗಿತಂದ್ರ ಸಂಜಿಗಿ ನಮ್ಮಲ್ಲಿ ಗಾಳಿ ಬಿಟ್ಟಂಗ. ನಲವತ್ತು ವರ್ಷದಿಂದ ನೋಡೀನಿ.”

“ಬರಲಿಲ್ಲಂದ್ರ?”

“ಬರಲಿಲ್ಲಂದ್ರ ಮಗಳಿಗಿ ಒಂದ್ ಫೋನ್ ಮಾಡಿ, ಅಲ್ಲೇನಾತವಾ ಅಂತ ಕೇಳ್ತೀನಿ. ಅಷ್ಟರ ಮ್ಯಾಲ ಮಾತಾಡಿದಂಗ ಆತು.”

ಹವಾಮಾನ ಇಲಾಖೆ ತನ್ನ ಸೇವೆಯ ಉಪಯೋಗಗಳ ಪಟ್ಟಿಯಲ್ಲಿ ಇದನ್ನು ಸೇರಿಸಿಕೊಳ್ಳಬಹುದು.

ಆದರೆ ಈ ಊರಿನಲ್ಲಿ ಮುನ್ಸೂಚನೆಯನ್ನು ನಿಜವಾಗಿ ಬಳಸುವವರು ಕಟ್ಟೆಯ ಮೇಲಿನ ಗಂಡಸರಲ್ಲ. ಮಾಳಿಗೆಯ ಮೇಲಿನ ಹೆಂಗಸರು. ಯುಗಾದಿಯ ಆಸುಪಾಸು ಹಪ್ಪಳ, ಸಂಡಿಗೆ, ಶಾವಿಗೆ, ಕುರಡಗಿಯ ಕಾಲ. ಹಪ್ಪಳದ್ದು ದೊಡ್ಡ ಮಾತಲ್ಲ: ಬೆಳಗ್ಗೆ ಬಿಸಿಲು ನೋಡಿ ಲಟ್ಟಿಸಿದರಾಯಿತು, ಮೋಡ ಕಂಡರೆ ನಾಳೆಗೆ ಇಟ್ಟರಾಯಿತು. ಕುರಡಗಿ ಹಾಗಲ್ಲ. ಗೋಧಿಯನ್ನು ಮೂರು ದಿನ ನೆನೆಹಾಕಬೇಕು, ದಿನಾ ನೀರು ಬದಲಿಸಬೇಕು, ಆಮೇಲೆ ರುಬ್ಬಿ ಹಾಲು ಹಿಂಡಿ, ಅದು ತಳಕ್ಕೆ ಕೂತ ಮೇಲೆ ಮೇಲಿನ ನೀರು ಚೆಲ್ಲಿ, ಗಟ್ಟಿಯನ್ನು ಕುದಿಸಿ ತಿರುವಿ, ಬಿಸಿಯಿರುವಾಗಲೇ ಒರಳಿನಲ್ಲಿ ಒತ್ತಿ ಬಿಸಿಲಿಗೆ ಹಾಕಬೇಕು. ಒತ್ತಿದ ದಿನ ಕಣ್ಣು ಕುಕ್ಕುವ ಬಿಸಿಲು ಬೇಕೇ ಬೇಕು. ನೆನೆದ ಗೋಧಿ ಯಾರಿಗೂ ಕಾಯುವುದಿಲ್ಲ. ಒಂದು ದಿನ ತಡವಾದರೆ ಹುಳಿ ಏರಿ ಇಡೀ ಓಣಿಗೆ ಸುದ್ದಿ ಕೊಡುತ್ತದೆ. ಅಂದರೆ ಸೋಮವಾರ ಗೋಧಿ ನೆನೆಹಾಕುವ ಹೆಣ್ಣುಮಗಳು ಗುರುವಾರದ ಮುಗಿಲನ್ನು ಸೋಮವಾರವೇ ತಿಳಿದಿರಬೇಕು. ಇಲಾಖೆಯ ಜಿಲ್ಲಾ ಮುನ್ಸೂಚನೆ ಐದು ದಿನದ್ದು. ಅದನ್ನು ರೂಪಿಸಿದವರು ಕುರಡಗಿಯನ್ನು ಮನಸ್ಸಿನಲ್ಲಿಟ್ಟುಕೊಂಡಿರಲಿಕ್ಕಿಲ್ಲ, ಆದರೂ ಅಳತೆ ಸರಿಯಾಗಿ ಕೂತಿದೆ.

ನಮ್ಮ ವೈನಿ ಗೋಧಿ ನೆನೆಹಾಕುವ ಮುನ್ನ ಮಗನ ಮೊಬೈಲಿನಲ್ಲಿ ಒಂದು ಸಲ, ಟಿವಿಯಲ್ಲಿ ಒಂದು ಸಲ ನೋಡಿ, ಕಡೆಗೆ ಎದುರುಮನೆಯ ಆಯಿಯನ್ನು ಕೇಳುತ್ತಾರೆ. ಮೂವರಲ್ಲಿ ಇಬ್ಬರು ಬಿಸಿಲೆಂದರೆ ಗೋಧಿ ನೀರಿಗೆ ಬೀಳುತ್ತದೆ. ಪುಣೆಯ ವಿಜ್ಞಾನಿಗಳು ಹಲವು ಕಂಪ್ಯೂಟರ್ ಮಾದರಿಗಳನ್ನು ಓಡಿಸಿ, ಹೆಚ್ಚಿನವು ಯಾವ ಕಡೆ ವಾಲುತ್ತವೆ ನೋಡಿ ಮಾತಾಡುವುದೂ ಇದೇ ದಾರಿ. ವೈನಿಯ ಯಂತ್ರಕ್ಕೆ ಕರೆಂಟು ಬೇಡ, ಅಷ್ಟೇ ವ್ಯತ್ಯಾಸ.

ಇಷ್ಟೆಲ್ಲ ಮಾಡಿಯೂ ಗುರುವಾರ ಮೂರು ಗಂಟೆಗೆ ಧೂಳೆದ್ದು, ನಾಲ್ಕಕ್ಕೆ ಹನಿ ಬಿದ್ದು, ಐದಕ್ಕೆ ಮತ್ತೆ ಬಿಸಿಲು ಬರುವುದುಂಟು. ಆಗ ಇಲಾಖೆಗೆ ಬೀಳುವ ಬೈಗುಳ ಮರಾಠಿಯಲ್ಲಿ ಸ್ವಲ್ಪ, ಕನ್ನಡದಲ್ಲಿ ಬಹಳ. ಇಲ್ಲಿ ಇಲಾಖೆಯ ಪರವಾಗಿ ಎರಡು ಮಾತು ಹೇಳಲೇಬೇಕು. ಮಾರ್ಚ್ ಏಪ್ರಿಲ್ ತಿಂಗಳಲ್ಲಿ ವಿದರ್ಭದ ಕಡೆಯಿಂದ ಮರಾಠವಾಡಾ, ಉತ್ತರ ಒಳನಾಡು ಕರ್ನಾಟಕದ ಮೇಲೆ ಹಾದು ತಮಿಳುನಾಡು, ಕೇರಳದ ತನಕ ಗಾಳಿಯ ಒಂದು ಉದ್ದ ತಗ್ಗು ಆಗಾಗ ಬೀಳುತ್ತದೆ. ಅದರ ಮೂಡಣಕ್ಕೆ ಬಂಗಾಳ ಕೊಲ್ಲಿಯ ತೇವದ ಗಾಳಿ, ಪಡುವಣಕ್ಕೆ ಒಣ ಗಾಳಿ. ಎರಡೂ ಎದುರಾಗುವ ಕಡೆ, ಕೆಳಗೆ ನೆಲ ನಲವತ್ತು ಡಿಗ್ರಿಗೆ ಕಾದಿರುವಾಗ, ಮಧ್ಯಾಹ್ನದ ಮೇಲೆ ಮೋಡ ನೆಟ್ಟಗೆ ಮೇಲೇಳುತ್ತದೆ. ಹತ್ತು ಹನ್ನೆರಡು ಕಿಲೋಮೀಟರ್ ಎತ್ತರಕ್ಕೂ ಹೋಗುತ್ತದೆ. ಈ ತಗ್ಗು ಎಂದು ಬೀಳುತ್ತದೆ, ಎಷ್ಟು ದಿನ ಇರುತ್ತದೆ ಎನ್ನುವುದನ್ನು ಮೂರು ನಾಲ್ಕು ದಿನ ಮೊದಲೇ ಹೇಳಬಹುದು. ಅದರ ಗುಂಟ ಏಳುವ ಒಂದೊಂದು ಮೋಡದ ಆಯುಷ್ಯವೋ ತಾಸು, ಒಂದೂವರೆ ತಾಸು. ಅಗಲ ನಾಲ್ಕಾರು ಕಿಲೋಮೀಟರ್. ಕುರಡಗಿಯ ಗಂಜಿ ಇಷ್ಟು ಹೊತ್ತಿಗೆ ಕುದಿಯುತ್ತದೆ ಎಂದು ವೈನಿ ಕಣ್ಣುಮುಚ್ಚಿ ಹೇಳಬಲ್ಲರು. ಮೊದಲ ಗುಳ್ಳೆ ಪಾತ್ರೆಯ ಯಾವ ಮೂಲೆಯಲ್ಲಿ ಏಳುತ್ತದೆ ಎಂದು ಕೇಳಿದರೆ ಸವುಟು ತೋರಿಸುತ್ತಾರೆ. ನಿರ್ದಿಷ್ಟ ಊರಿನ ಮಾತು ಬೇಕಾದರೆ ಇಲಾಖೆ ಮೂರು ತಾಸಿನ ತತ್ಕಾಲದ ಮುನ್ಸೂಚನೆ ಕೊಡುತ್ತದೆ, ರಾಡಾರಿನಲ್ಲಿ ಮೋಡ ಕಂಡ ಮೇಲೆ. ಅಷ್ಟು ಹೊತ್ತಿಗೆ ನಮಗೂ ಕಾಣುತ್ತಿರುತ್ತದೆ.

‘ಒಂದೆರಡು ಕಡೆ ಮಳೆ’ ಎಂದು ಇಲಾಖೆ ಬರೆಯುವುದು ನುಣುಚಿಕೊಳ್ಳಲಿಕ್ಕಲ್ಲ. ಅದಕ್ಕೊಂದು ಲೆಕ್ಕವಿದೆ: ಆ ಪ್ರದೇಶದ ಮಳೆಮಾಪಕ ಕೇಂದ್ರಗಳಲ್ಲಿ ಕಾಲು ಭಾಗದೊಳಗೆ ಮಾತ್ರ ಮಳೆ ದಾಖಲಾದೀತು ಎಂದು ಅರ್ಥ. ಉಳಿದ ಮುಕ್ಕಾಲು ಪಾಲು ಜನ ಮುಗಿಲು ನೋಡಿ “ಸುಳ್ಳು ಹೇಳ್ಯಾರ” ಎನ್ನುತ್ತಾರೆ ಎಂಬುದನ್ನು ಇಲಾಖೆ ಮೊದಲೇ ಒಪ್ಪಿಕೊಂಡಂತಾಯಿತು. ಇಷ್ಟು ಪ್ರಾಮಾಣಿಕ ಖಾತೆ ಸರಕಾರದಲ್ಲಿ ಇನ್ನೊಂದಿದೆಯೇ?

ಈ ಬೈಗುಳ ಹೊಸದೂ ಅಲ್ಲ. ಇಂಗ್ಲೆಂಡಿನಲ್ಲಿ ರಾಬರ್ಟ್ ಫಿಟ್ಸ್‌ರಾಯ್ ಎಂಬ ನೌಕಾಪಡೆಯ ಅಧಿಕಾರಿ, ಡಾರ್ವಿನ್ನನನ್ನು ಬೀಗಲ್ ಹಡಗಿನಲ್ಲಿ ಕರೆದುಕೊಂಡು ಹೋಗಿದ್ದವನೇ, 1861ರ ಆಗಸ್ಟ್ 1ರಂದು ಲಂಡನ್ನಿನ ಟೈಮ್ಸ್ ಪತ್ರಿಕೆಯಲ್ಲಿ ಜನರಿಗಾಗಿ ಹವೆಯ ಮುನ್ಸೂಚನೆ ಅಚ್ಚು ಮಾಡಿಸಲು ಶುರುಮಾಡಿದ. ತಪ್ಪಿದ ದಿನಗಳಲ್ಲಿ ಜನ ಅವನನ್ನು ಲೇವಡಿ ಮಾಡಿದರು. ಜಗತ್ತಿನಲ್ಲಿ ಹವಾಮಾನ ವರದಿಯ ವಯಸ್ಸೂ ಅದರ ಮೇಲಿನ ಸಿಟ್ಟಿನ ವಯಸ್ಸೂ ಒಂದೇ. ನಮ್ಮ ಇಲಾಖೆ 1875ರದು. ಅದರ ಮುಖ್ಯ ಕಚೇರಿ 1928ರಲ್ಲಿ ಸಿಮ್ಲಾದಿಂದ ಪುಣೆಗೆ ಇಳಿದು ಬಂತು. ಆಮೇಲೆ ದಿಲ್ಲಿಗೆ ಹೋದರೂ ಶಿವಾಜಿನಗರದ ಆ ಕಟ್ಟಡವನ್ನು ಪುಣೆಯವರು ಇಂದಿಗೂ ‘ಸಿಮ್ಲಾ ಆಫೀಸು’ ಎನ್ನುತ್ತಾರೆ. ಸೊಲ್ಲಾಪುರದ ಬಿಸಿಲಿಗೆ ಸಿಮ್ಲಾ ಆಫೀಸಿನಿಂದ ಕಾಗದ ಬರುತ್ತದೆ ಎಂದುಕೊಂಡರೆ ಅರ್ಧ ಡಿಗ್ರಿಯಾದರೂ ಇಳಿದಂತಾಗುತ್ತದೆ.

ಭವಿಷ್ಯ ಹೇಳುವ ವಿದ್ಯೆಯಲ್ಲಿ ಸೊಲ್ಲಾಪುರ ಯಾರಿಗೂ ಕಡಿಮೆಯಿಲ್ಲ. ಮಹಾರಾಷ್ಟ್ರದ ಮನೆಮನೆಯಲ್ಲಿ ಮೊಳೆಗೆ ತೂಗುವ ದಾತೆ ಪಂಚಾಂಗ ಹೊರಡುವುದು ಇದೇ ಊರಿನಿಂದ. ಅದಕ್ಕೆ ನೂರು ವರ್ಷ ದಾಟಿದೆ. ಮಳೆಯ ನಕ್ಷತ್ರಗಳಿಗೆ ಪಂಚಾಂಗ ಒಂದೊಂದು ವಾಹನ ಕೊಡುತ್ತದೆ. ಈ ಸಲ ಮೃಗಶಿರಾ ಕಪ್ಪೆಯ ಮೇಲೆ ಬರುತ್ತದೋ ಕತ್ತೆಯ ಮೇಲೆ ಬರುತ್ತದೋ ಎನ್ನುವುದು ಯುಗಾದಿಯ ದಿನ ಬೇವುಬೆಲ್ಲಕ್ಕಿಂತ ಮೊದಲು ಗೊತ್ತಾಗಬೇಕಾದ ಸಂಗತಿ. ಕಪ್ಪೆ, ಎಮ್ಮೆ, ಆನೆ ಬಂದರೆ ಮುಖ ಅರಳುತ್ತದೆ. ನರಿ, ಕತ್ತೆ ಬಂದರೆ ಬೇವಿನ ಪಾಲು ಹೆಚ್ಚಾದಂತೆ. ಇಲಾಖೆ ಬಣ್ಣ ಕೊಟ್ಟರೆ ಪಂಚಾಂಗ ಪ್ರಾಣಿ ಕೊಡುತ್ತದೆ. ನನಗೆ ಕೇಳಿದರೆ ಪ್ರಾಣಿಯೇ ನೆನಪಿನಲ್ಲಿ ಉಳಿಯುವುದು.

ಇವೆರಡಕ್ಕೂ ಹಿರಿಯದು ಸಿದ್ಧರಾಮೇಶ್ವರನ ಕರು. ಹನ್ನೆರಡನೆಯ ಶತಮಾನದ ವಚನಕಾರ ಸಿದ್ಧರಾಮ ಕೆರೆ ಕಟ್ಟಿಸಿದ ಊರು ಸೊಲ್ಲಾಪುರ. ಸಂಕ್ರಾಂತಿಯ ಗಡ್ಡಾ ಜಾತ್ರೆಯಲ್ಲಿ ನಂದಿಧ್ವಜಗಳ ಮೆರವಣಿಗೆ ಮುಗಿದು, ಹೋಮವಾದ ರಾತ್ರಿ ‘ಭಾಕಣುಕ’ ನಡೆಯುತ್ತದೆ. ಹಗಲೆಲ್ಲ ಉಪವಾಸವಿಟ್ಟ ಒಂದು ಕರುವನ್ನು ತಂದು ನಿಲ್ಲಿಸಿ ಅದರ ಮುಂದೆ ಕಾಳುಕಡಿ, ಮೇವು ಇಡುತ್ತಾರೆ. ಯಾವುದಕ್ಕೆ ಬಾಯಿ ಹಾಕಿತು, ಯಾವುದನ್ನು ಮೂಸಿ ಬಿಟ್ಟಿತು ಎನ್ನುವುದರಿಂದ ಪೇಟೆಯ ದರ. ಅಲ್ಲೇ ಮೂತ್ರ ಮಾಡಿತೆಂದರೆ ಆ ವರ್ಷ ಮಳೆ. ಸಾವಿರಾರು ಜನ ಉಸಿರು ಬಿಗಿಹಿಡಿದು ಒಂದು ಕರುವಿನ ಮೂತ್ರಕ್ಕೆ ಕಾಯುವುದನ್ನು ನೋಡಿದವರಿಗೆ ಒಣಸೀಮೆ ಎಂದರೇನು ಎಂದು ಬೇರೆ ಹೇಳಬೇಕಿಲ್ಲ. ವರ್ಷಕ್ಕೆ ಐನೂರು ಆರುನೂರು ಮಿಲಿಮೀಟರ್ ಮಳೆಯ ನಾಡು. ಸಹ್ಯಾದ್ರಿ ತಾನು ಮಿಂದು ಉಳಿಸಿದ್ದಷ್ಟೇ ನಮಗೆ.

ಪುಣೆಯ ಉಷ್ಣವಲಯ ಹವಾಮಾನ ಸಂಸ್ಥೆಯವರೂ 2018 ಮತ್ತು 2019ರ ಮಳೆಗಾಲದಲ್ಲಿ ಸೊಲ್ಲಾಪುರಕ್ಕೇ ಬಂದು ವಿಮಾನದಿಂದ ಮೋಡಬಿತ್ತನೆ ಮಾಡಿ ನೋಡಿದರು. ಸರಾಸರಿ ಶೇ. 18ರಷ್ಟು ಹೆಚ್ಚು ಮಳೆಯಾಯಿತೆಂದು ಅವರ ಲೆಕ್ಕ. ಮೋಡವಿದ್ದರೆ ಮಾತ್ರ ಬಿತ್ತಬಹುದು ಎಂಬ ಷರತ್ತು ಕೇಳಿ ನಮ್ಮ ಕಾಕಾ “ಮೋಡ ಇದ್ರ ನಾವೂ ಬಿತ್ತತೀವಿ” ಎಂದರು.

ಇಷ್ಟು ಮಳೆ ಮಳೆ ಎಂದು ಬಾಯಿಬಿಡುವ ಊರಿಗೆ ವಸಂತದ ಮಳೆ ಮಾತ್ರ ಬೇಡ. ಜನವರಿಯಲ್ಲಿ ಕರುವಿನ ಮುಂದೆ ಕೈಮುಗಿದವರೇ ಮಾರ್ಚಿನಲ್ಲಿ ಮೋಡ ಕಂಡರೆ ಕೈಯಾಡಿಸಿ ಓಡಿಸುತ್ತಾರೆ. ಆಗ ಹೊಲದಲ್ಲಿ ಬಿಳಿಜೋಳ ಕೊಯ್ದು ಬಿದ್ದಿರುತ್ತದೆ, ಇಲ್ಲವೇ ಕಣದಲ್ಲಿ ತೆನೆ ರಾಶಿಗೆ ಕಾದಿರುತ್ತದೆ. ಮಾಲದಂಡಿ ಜೋಳದ ಸೀಮೆ ಇದು; ಪಕ್ಕದ ಮಂಗಳವೇಢೆಯ ಜೋಳಕ್ಕೆ 2016ರಲ್ಲಿ ಜಿಐ ಟ್ಯಾಗ್ ಬಂದಿದೆ. ಮುತ್ತಿನಂಥ ಆ ಕಾಳು ಒಂದು ಅಡ್ಡಮಳೆಗೆ ತೊಯ್ದರೆ ಕಪ್ಪಡರುತ್ತದೆ, ಅಡತಿಯಲ್ಲಿ ದರ ಬೀಳುತ್ತದೆ. ಕಣಿಕೆ ತೊಯ್ದರೆ ಎತ್ತು ಮೂಸುವುದಿಲ್ಲ. ಕಡಲೆ, ಕುಸುಬೆ, ಗೋಧಿ, ಬಡಿದಿಟ್ಟ ಹುಣಸೆಹಣ್ಣು, ಅಂಗಳದ ಮೆಣಸಿನಕಾಯಿ, ಎಲ್ಲದಕ್ಕೂ ಅದೇ ಕಥೆ. ದ್ರಾಕ್ಷಿ ಬೆಳೆದವರ ಪಾಡು ಇನ್ನೂ ಸೂಕ್ಷ್ಮ. ಒಣದ್ರಾಕ್ಷಿಯ ಶೆಡ್ಡಿನಲ್ಲಿ ಎರಡು ವಾರ ಒಣಹವೆ ಇರಬೇಕು. ಮೂರು ದಿನ ಮೋಡ ಕಟ್ಟಿದರೂ ಹಣ್ಣಿನ ಬಣ್ಣ ಹೋಗುತ್ತದೆ. ಕಬ್ಬಿನವರೊಬ್ಬರು ಮಾತ್ರ “ಬರಲಿ ಬಿಡ್ರೀ, ಒಂದ್ ನೀರ ಉಳಿತದ” ಎಂದು ಮೆಲ್ಲಗೆ ಅನ್ನುತ್ತಾರೆ. ಜೋರಾಗಿ ಅಂದರೆ ಕಟ್ಟೆಯ ಮೇಲೆ ಜಾಗ ಸಿಗುವುದಿಲ್ಲ.

ಆಣೆಕಲ್ಲಿನ ವಿಷಯದಲ್ಲಿ ನಗೆಚಾಟಿಕೆ ನಡೆಯುವುದಿಲ್ಲ. 2014ರಲ್ಲಿ ಫೆಬ್ರುವರಿ ಕೊನೆಯಿಂದ ಮಾರ್ಚ್ ನಡುವಿನ ತನಕ ಮಹಾರಾಷ್ಟ್ರದ ಬಹುಭಾಗದಲ್ಲಿ ಆಣೆಕಲ್ಲು ಸುರಿಯಿತು. ಮಧ್ಯ ಮಹಾರಾಷ್ಟ್ರ, ಮರಾಠವಾಡಾ, ವಿದರ್ಭ ಮೂರೂ ಪೆಟ್ಟು ತಿಂದವು. ಸೊಲ್ಲಾಪುರ ಜಿಲ್ಲೆಯ ದ್ರಾಕ್ಷಿ, ದಾಳಿಂಬೆ, ಜೋಳ ನೆಲಕಚ್ಚಿದವು. ಒಂದೆರಡು ದಿನದ್ದಲ್ಲ, ವಾರಗಟ್ಟಲೆ. ಅಂಥದು ಮತ್ತೆ ಬರುತ್ತದೋ ಎಂಬ ಅಂಜಿಕೆ ಆಮೇಲಿನ ಪ್ರತಿ ಮಾರ್ಚಿನ ಮುಗಿಲಿಗೂ ಅಂಟಿಕೊಂಡಿದೆ.

ಮಳೆ ಬಂದು ಹೋದ ಮೇಲೆ ಬರುವುದು ಊರಿನ ಕಂದಾಯದ ಲೆಕ್ಕ ನೋಡುವ ತಲಾಠಿ, ಪಂಚನಾಮೆ ಪುಸ್ತಕ ಹಿಡಿದು. ನಷ್ಟ ಶೇ. 33ಕ್ಕೆ ಮುಟ್ಟಿರಬೇಕು, ಆಗಲೇ ಪರಿಹಾರದ ಮಾತು. 2015ಕ್ಕಿಂತ ಮೊದಲು ಶೇ. 50 ಇತ್ತು. ಮಹಾರಾಷ್ಟ್ರದಲ್ಲಿ ಮಳೆಯ ಅಧಿಕೃತ ಲೆಕ್ಕ ಮಹಸೂಲು ಮಂಡಲದ್ದು, ಅಂದರೆ ಹಲವು ಊರು ಸೇರಿದ ಕಂದಾಯ ವೃತ್ತದ್ದು. ‘ಮಹಾವೇಧ’ ಯೋಜನೆಯಲ್ಲಿ ಮಂಡಲಕ್ಕೊಂದು ಸ್ವಯಂಚಾಲಿತ ಹವಾಮಾನ ಕೇಂದ್ರ ನಿಲ್ಲಿಸಿದ್ದಾರೆ. ಕರಜಗಿಯೂ ಒಂದು ಮಂಡಲ. ಇಪ್ಪತ್ತನಾಲ್ಕು ತಾಸಿನಲ್ಲಿ 65 ಮಿಲಿಮೀಟರ್ ಬಿದ್ದರೆ ಅತಿವೃಷ್ಟಿ. ವಸಂತದ ಮೋಡ ಹೇಳಿಕೇಳಿ ದಾರಿಹೋಕ. ಅದು ಮಾಪಕ ಇದ್ದ ಹೊಲಕ್ಕೆ ಹೋಗಿಯೇ ಸುರಿಯಬೇಕೆಂಬ ನಿಯಮವೇನಿಲ್ಲ. ನಿಮ್ಮ ಹೊಲದಲ್ಲಿ ಆಣೆಕಲ್ಲು ಬುಟ್ಟಿಗಟ್ಟಲೆ ಬಿದ್ದು, ಮಾಪಕದಲ್ಲಿ ಎರಡೂವರೆ ಮಿಲಿಮೀಟರ್ ಬಿದ್ದರೆ ಕಾಗದದ ಮೇಲೆ ಅದೊಂದು ಸಾಧಾರಣ ಮಳೆಯ ದಿನ. ಆಚೆ ದಂಡೆಯಲ್ಲಿ ಪಂಚಾಯಿತಿಗೊಂದು ಮಾಪಕವಿದೆ ಎಂಬುದು ಬೀಗರ ಮನೆಯ ಊಟದಲ್ಲಿ ನಾವು ಕೇಳಿಸಿಕೊಳ್ಳಬೇಕಾದ ಮಾತುಗಳಲ್ಲಿ ಒಂದು.

ಇತ್ತೀಚೆಗೆ ಋತುಗಳೂ ಪಂಚಾಂಗ ಓದುವುದನ್ನು ಬಿಟ್ಟಂತಿದೆ. ಭರಣಿ ಸುರಿದರೆ ಧರಣಿಯೆಲ್ಲ ಬೆಳೆ ಎಂಬ ಗಾದೆ ನಂಬಿಕೊಂಡು ಬಂದವರು ನಾವು. 2025ರಲ್ಲಿ ಭರಣಿ, ಕೃತ್ತಿಕಾ ಎರಡೂ ಸೇರಿ ಸುರಿದವು. ಮೇ 24ಕ್ಕೆ ಕೇರಳ ಮುಟ್ಟಿದ ಮುಂಗಾರು 26ಕ್ಕೆ ಮುಂಬೈಯಲ್ಲಿತ್ತು. ವಾಡಿಕೆಯಂತೆ ಅದು ಅಲ್ಲಿಗೆ ಬರಬೇಕಾದದ್ದು ಜೂನ್ 11ರ ಸುಮಾರಿಗೆ. ಅಡ್ಡಮಳೆ ಎಲ್ಲಿ ಮುಗಿಯಿತು, ಮುಂಗಾರು ಎಲ್ಲಿ ಶುರುವಾಯಿತು ಎಂದು ಯಾರಿಗೂ ತಿಳಿಯಲಿಲ್ಲ. ಮಾಗಿ ಉಳುಮೆ ಮಾಡಲು ಹೊಲ ಆರಬೇಕಲ್ಲ, ಆರಲೇ ಇಲ್ಲ. ಸೆಪ್ಟೆಂಬರಿನಲ್ಲಿ ಸೀನಾ ಹೊಳೆ ಜಿಲ್ಲೆಯ ಊರುಗಳಿಗೆ ನುಗ್ಗಿತು. ಆ ವರ್ಷದ ಪಂಚಾಂಗದಲ್ಲಿ ಯಾವ ಪ್ರಾಣಿಯಿತ್ತೋ, ಈಜು ಬರುವಂಥದ್ದೇ ಇದ್ದಿರಬೇಕು.

ಈಗ ಎರಡು ವಿನಂತಿ. ಮೊದಲನೆಯದು ಹವಾಮಾನ ಇಲಾಖೆಯ ಮುಂಬೈ ಕಚೇರಿಗೆ. ಅಕ್ಕಲಕೋಟ, ದಕ್ಷಿಣ ಸೊಲ್ಲಾಪುರ ತಾಲೂಕುಗಳಲ್ಲಿ ಜಿಲ್ಲಾ ಪರಿಷತ್ತಿನ ಕನ್ನಡ ಶಾಲೆಗಳು ನಡೆದಿವೆ. ಆ ಮಕ್ಕಳ ಅಜ್ಜ ಅಜ್ಜಿಯರು ಮಳೆಯನ್ನು ಕನ್ನಡದಲ್ಲೇ ಕಾಯುತ್ತಾರೆ. ಸೊಲ್ಲಾಪುರ ಜಿಲ್ಲೆಯ ಎಚ್ಚರಿಕೆಯನ್ನು ಮರಾಠಿಯ ಕೆಳಗೆ ನಾಲ್ಕು ಸಾಲು ಕನ್ನಡದಲ್ಲೂ ಕೊಡಿ. ಕಾಕಾ ಸುಳ್ಳು ವಿಳಾಸ ಹೇಳುವುದು ತಪ್ಪುತ್ತದೆ.

ಎರಡನೆಯದು ನಮ್ಮವರಿಗೆ. ವಸಂತದ ಈ ಮೋಡಗಳಲ್ಲಿ ನೀರಿಗಿಂತ ಸಿಡಿಲು ಹೆಚ್ಚು. ದೇಶದಲ್ಲಿ ಸಿಡಿಲಿಗೆ ವರ್ಷಕ್ಕೆ ಎರಡು ಸಾವಿರಕ್ಕೂ ಹೆಚ್ಚು ಜನ ಸಾಯುತ್ತಾರೆ. ಬಹುಪಾಲು ಹೊಲದಲ್ಲಿದ್ದವರು, ದನ ಕಾಯುವವರು, ಮರದ ಕೆಳಗೆ ನಿಂತವರು. ಪುಣೆಯ ಉಷ್ಣವಲಯ ಹವಾಮಾನ ಸಂಸ್ಥೆಯ ‘ದಾಮಿನಿ’ ಆ್ಯಪ್ ಇಪ್ಪತ್ತು, ನಲವತ್ತು ಕಿಲೋಮೀಟರ್ ಸುತ್ತಿನ ಸಿಡಿಲನ್ನು ತೋರಿಸುತ್ತದೆ, ಮನೆಯಲ್ಲಿ ಒಬ್ಬರ ಮೊಬೈಲಿನಲ್ಲಾದರೂ ಇರಲಿ. ಆ್ಯಪ್ ಇಲ್ಲದವರಿಗೆ ಕಿವಿಯಿದೆ: ಗುಡುಗು ಕೇಳುವಷ್ಟು ಹತ್ತಿರವಿದ್ದರೆ ಸಿಡಿಲು ಮುಟ್ಟುವಷ್ಟೂ ಹತ್ತಿರವೇ. ಬೇವಿನ ಮರದ ಕೆಳಗೆ ನಿಲ್ಲಬೇಡಿ, ಬಣವಿಯ ಮೇಲೆ ತಾಡಪತ್ರಿ ಎಳೆಯಲು ಆಗ ಏರಬೇಡಿ, ಅದನ್ನು ಬೆಳಗ್ಗೆಯೇ ಮಾಡಿ. ಕೊನೆಯ ಗುಡುಗು ಕೇಳಿ ಅರ್ಧ ತಾಸು ಆಗುವ ತನಕ ಮಾಳಿಗೆ ಹತ್ತಬೇಡಿ. ಕುರಡಗಿ ತೊಯ್ದರೆ ತೊಯ್ಯಲಿ.